ಲಾಭದಿಂದ ಶುರುವಾಗುವ ಎಣಿಕೆ

ಕಣದಲ್ಲಿ ರಾಶಿ ಅಳೆಯುವಾಗ ಹಳೆಯ ತಲೆಮಾರಿನ ರೈತ ಮೊದಲ ಕೊಳಗಕ್ಕೆ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದ. ಆಮೇಲೆ ಎರಡು, ಮೂರು ಅಂತ ಮುಂದಕ್ಕೆ ಹೋಗುತ್ತಿದ್ದ. ಒಂದಕ್ಕೆ ಲಾಭ ಎಂದು ಹೆಸರಿಟ್ಟ ಮಾತ್ರಕ್ಕೆ ರಾಶಿಗೆ ಒಂದು ಕಾಳು ಸೇರಲಿಲ್ಲ, ಒಂದು ಕಾಳು ಉದುರಲೂ ಇಲ್ಲ. ಎಣಿಕೆಯ ಮೊದಲನೆಯದು ಬರೀ ಹೆಸರು, ಅದನ್ನು ಎಲ್ಲಿಂದ ಬೇಕಾದರೂ ಯಾವ ಹೆಸರಿನಿಂದ ಬೇಕಾದರೂ ಶುರು ಮಾಡಬಹುದು ಎಂಬ ತಿಳಿವಳಿಕೆ ಮಂಡ್ಯ ಸೀಮೆಯ ಕಣಗಳಿಗೆ ಹೊಸದಲ್ಲ. ಇಷ್ಟು ಸರಳವಾದ ತಿಳಿವಳಿಕೆ ಕೈಕೊಡುವುದು ಎಲ್ಲಿ ಎಂದರೆ, ಸಿನಿಮಾದ ದೃಶ್ಯಗಳನ್ನು ಒಂದರ ಮೇಲೊಂದು ಕೂರಿಸುವ ಕಂಪ್ಯೂಟರಿನ ಮುಂದೆ. ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿಯಂತಿರುವ ನೋಡ್‌ಗಳನ್ನು ಗೆರೆಗಳಿಂದ ಜೋಡಿಸಿ ಚಿತ್ರ ಕಟ್ಟುವ ನ್ಯೂಕ್, ಫ್ಯೂಷನ್, ನೇಟ್ರಾನ್, ಬ್ಲೆಂಡರ್ ಮುಂತಾದ ಕಾಂಪೊಸಿಟಿಂಗ್ ತಂತ್ರಾಂಶಗಳಲ್ಲಿ ಒಂದು ಕ್ಲಿಪ್ಪಿನ ಎಣಿಕೆ 1ರಿಂದ ಶುರುವಾದರೆ ಇನ್ನೊಂದರದು 1001ರಿಂದ, ಮತ್ತೊಂದರದು ಎಂಬತ್ತಾರು ಸಾವಿರ ಚಿಲ್ಲರೆಯಿಂದ. ಮೂರನ್ನೂ ತಂದು ಕೂಡಿಸಿದರೆ ಒಟ್ಟಿಗೆ ಓಡುವುದಿಲ್ಲ. ಆಗ ಕೈ ತಾನಾಗಿ ಮಾಡುವ ಕೆಲಸ ಎಂದರೆ ಮೂರರ ಮೊದಲ ಫ್ರೇಮುಗಳನ್ನೂ ಒಂದೇ ಗೆರೆಗೆ ತಂದು ನಿಲ್ಲಿಸುವುದು. ಅದು ತಪ್ಪು ಎಂಬುದೇ ಈ ಪ್ರಬಂಧದ ವಾದ. ಹೊಂದಿಸಬೇಕಾದದ್ದು ನಂಬರನ್ನಲ್ಲ, ನಡೆದ ಸಂಗತಿಯನ್ನು. ಹಾಗೆ ಹೊಂದಿಸುವಾಗ ಮೂಲದ ನಂಬರನ್ನು ಅಳಿಸಬಾರದು.

ಆ ನಂಬರುಗಳು ಎಲ್ಲಿಂದ ಹುಟ್ಟುತ್ತವೆ ಎಂದು ನೋಡಿದರೆ ಅರ್ಧ ಗೊಂದಲ ಕರಗುತ್ತದೆ. ಸಿನಿಮಾ ಎಂದರೆ ಸೆಕೆಂಡಿಗೆ 24 ನಿಂತ ಚಿತ್ರಗಳು, ಅಂದರೆ ಫ್ರೇಮುಗಳು. ಕಂಪ್ಯೂಟರಿಗೆ ಅವು ಬರುವುದು ಒಂದೊಂದೂ ಒಂದು ಫೈಲಾಗಿ, ಹೆಸರಿನ ಕೊನೆಗೆ ಒಂದು ಸಂಖ್ಯೆ ಅಂಟಿಸಿಕೊಂಡು. ಕ್ಯಾಮೆರಾದ ಗಡಿಯಾರಕ್ಕೆ ಟೈಮ್‌ಕೋಡ್ ಎಂದು ಹೆಸರು. ಅದನ್ನು ಒಂದು ಗಂಟೆಯಿಂದ ಶುರುವಾಗುವಂತೆ ಇಟ್ಟಿದ್ದರೆ, ಆ ಒಂದು ಗಂಟೆಯನ್ನು ಫ್ರೇಮಿಗೆ ಬದಲಾಯಿಸಿದಾಗ 3600 ಸೆಕೆಂಡು ಗುಣಿಸು 24, ಅಂದರೆ 86,400. ಹಾಗಾಗಿ ಮೊದಲ ಚಿತ್ರದ ಮೇಲೇ ಅಷ್ಟು ದೊಡ್ಡ ಸಂಖ್ಯೆ ಕೂತಿರುತ್ತದೆ. ಒಂದು ಹಗಲು ರಾತ್ರಿಯಲ್ಲಿರುವ ಸೆಕೆಂಡುಗಳೂ ಅಷ್ಟೇ ಎಂಬುದು ಕಾಕತಾಳೀಯ. ಆದರೆ 24 ನಿಮಿಷಕ್ಕೆ ಒಂದು ಘಳಿಗೆ ಎಂದು ಎಣಿಸಿದವರ ನಾಡಿನಲ್ಲಿ 24ರ ಮಗ್ಗಿ ಯಾರಿಗೂ ಭಾರವಾಗಬೇಕಿಲ್ಲ. ಇನ್ನು 1001 ಎಂಬುದು ಎಫೆಕ್ಟ್ಸ್ ಸ್ಟುಡಿಯೋಗಳ ರೂಢಿ. ಶಾಟಿನ ಹಿಂದೆ ಮುಂದೆ ಒಂದಷ್ಟು ಹೆಚ್ಚುವರಿ ಫ್ರೇಮು ಬೇಕಾದಾಗ ಎಣಿಕೆ ಸೊನ್ನೆಗಿಂತ ಕೆಳಗೆ ಇಳಿಯದಿರಲಿ, ನಾಲ್ಕು ಅಂಕಿಯ ಹೆಸರು ಉದ್ದಕ್ಕೂ ನಾಲ್ಕೇ ಅಂಕಿಯಾಗಿರಲಿ ಎಂಬ ಮುಂದಾಲೋಚನೆ ಅದು. ಕಂಪ್ಯೂಟರಿನಲ್ಲೇ ಹುಟ್ಟಿದ ಹೊಗೆ, ಹನಿ, ಬೆಂಕಿಗಳ ಕ್ಲಿಪ್ಪು ಸಾಮಾನ್ಯವಾಗಿ 1ರಿಂದ ಶುರು. ಮೂರಕ್ಕೂ ಅದರದರ ನ್ಯಾಯವಿದೆ, ಯಾವುದೂ ತಪ್ಪಲ್ಲ. ಮಂಡ್ಯದ ರೈತನ ತಲೆಯಲ್ಲೂ ಹೀಗೇ ಹಲವು ಎಣಿಕೆಗಳು ಒಟ್ಟಿಗೆ ಓಡುತ್ತವೆ. ಬ್ಯಾಂಕಿನ ವರ್ಷ ಏಪ್ರಿಲಿಗೆ, ಕಾವೇರಿಯ ಜಲವರ್ಷ ಜೂನಿಗೆ, ಸಕ್ಕರೆಯ ವರ್ಷ ಅಕ್ಟೋಬರಿಗೆ, ಹಬ್ಬದ ವರ್ಷ ಯುಗಾದಿಗೆ. ಗದ್ದೆಯಲ್ಲಿರುವ ಕಬ್ಬಿನ ವಯಸ್ಸು ಮಾತ್ರ ತುಂಡು ನೆಟ್ಟ ದಿನದಿಂದ. ಎಲ್ಲವನ್ನೂ ಜನವರಿ ಒಂದಕ್ಕೆ ಎಳೆದು ತನ್ನಿ ಎಂದು ಯಾರೂ ಅವನಿಗೆ ಹೇಳುವುದಿಲ್ಲ. ಹೇಳಿದರೆ ನಗುತ್ತಾನೆ.

ಒಂದು ಶಾಟನ್ನು ಹತ್ತಿರದಿಂದ ನೋಡೋಣ. ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯ ಎದುರು ನಾಯಕಿ ನಿಂತಿರಬೇಕು, ಬೆನ್ನ ಹಿಂದೆ ಜಲಪಾತ ತುಂಬಿ ಭೋರ್ಗರೆಯಬೇಕು ಎಂದುಕೊಳ್ಳಿ. ನಾಯಕಿಯ ಕಾಲ್‌ಷೀಟ್ ಸಿಕ್ಕಿದ್ದು ಏಪ್ರಿಲಿನಲ್ಲಿ, ಆಗ ಅಲ್ಲಿ ಕಾಣುವುದು ಬಂಡೆ. ನೀರು ಸಿಗುವುದು ಮಳೆಗಾಲದಲ್ಲಿ, ಕನ್ನಂಬಾಡಿಯೂ ಕಬಿನಿಯೂ ತುಂಬಿ ಹೊರಗೆ ಬಿಟ್ಟಾಗ. ಹಾಗಾಗಿ ಎರಡು ಸಲ ಚಿತ್ರೀಕರಣ, ಎರಡು ಕ್ಲಿಪ್ಪು. ನಾಯಕಿಯದು 1001ರಿಂದ 1112ರವರೆಗೆ: ನಾಲ್ಕು ಸೆಕೆಂಡಿನ 96 ಫ್ರೇಮು, ಹಿಂದೆ ಎಂಟು, ಮುಂದೆ ಎಂಟು. ನೀರಿನದು 86,640ರಿಂದ 87,119ರವರೆಗೆ, ಇಪ್ಪತ್ತು ಸೆಕೆಂಡು. ನೀರಿನ ಕ್ಲಿಪ್ಪಿನ 86,912ನೇ ಫ್ರೇಮಿನಲ್ಲಿ ಬಂಡೆಯ ಮೇಲಿದ್ದ ಬೆಳ್ಳಕ್ಕಿಗಳ ಹಿಂಡೊಂದು ತಟ್ಟನೆ ಹಾರುತ್ತದೆ. ನಾಯಕಿ 1045ರಲ್ಲಿ ತಲೆ ಎತ್ತುತ್ತಾಳೆ. ಅವಳು ತಲೆ ಎತ್ತಿದ್ದು ಹಕ್ಕಿಗಾಗಿ ಎಂದು ಕಾಣಬೇಕು, ನಿರ್ದೇಶಕರಿಗೆ ಬೇಕಾದದ್ದು ಅದೇ. ಮೊದಲ ಫ್ರೇಮಿಗೆ ಮೊದಲ ಫ್ರೇಮು ಎಂದು ಹೊಂದಿಸಿದರೆ 86,640 ಹೋಗಿ 1001ರಲ್ಲಿ ಕೂರುತ್ತದೆ, ಹಕ್ಕಿ ಹಾರುವುದು 1273ಕ್ಕೆ. ಶಾಟು 1112ಕ್ಕೇ ಮುಗಿದಿದೆ. ನಾಯಕಿ ಖಾಲಿ ಆಕಾಶ ನೋಡುತ್ತಾಳೆ, ಬೆಳ್ಳಕ್ಕಿಗಳು ಯಾರೂ ನೋಡದ ಫ್ರೇಮುಗಳಲ್ಲಿ ಹಾರಿ ಹೋಗುತ್ತವೆ. ಅದರ ಬದಲು ಸಂಗತಿಗೆ ಸಂಗತಿ ಹೊಂದಿಸಿ. 1045ರಿಂದ 86,912 ಕಳೆದರೆ ಮೈನಸ್ 85,867. ಇಷ್ಟನ್ನು, ಫ್ರೇಮುಗಳನ್ನು ಹಿಂದೆ ಮುಂದೆ ಸರಿಸುವ ಟೈಮ್ ಆಫ್‌ಸೆಟ್ ನೋಡಿಗೆ ಕೊಟ್ಟರೆ ನೀರಿನ ಕ್ಲಿಪ್ಪು 773ರಿಂದ 1252ರವರೆಗೆ ಹರಡಿಕೊಳ್ಳುತ್ತದೆ, 1001ರಿಂದ 1112 ಅದರ ಹೊಟ್ಟೆಯೊಳಗೆ ಸಲೀಸಾಗಿ ಕೂರುತ್ತದೆ. ಕ್ಲಿಪ್ಪು 773ಕ್ಕೆ ಶುರುವಾದರೆ ನೋಡುಗನಿಗೇನು? ಅವನು ಹಕ್ಕಿಯನ್ನು ನೋಡುತ್ತಾನೆ, ನಂಬರನ್ನಲ್ಲ.

ಇದೇ ಶಾಟಿಗೆ ಮೂರನೆಯ ಕ್ಲಿಪ್ಪೊಂದು ಬೇಕು: ಜಲಪಾತದ ಬುಡದಿಂದ ಏಳುವ ತುಂತುರು, ಕಂಪ್ಯೂಟರಿನಲ್ಲಿ ಮಾಡಿದ್ದು, 1ರಿಂದ 50. ಇಲ್ಲಿ ಕಷ್ಟ ಬೇರೆ. ಸಾವಿರ ಕೂಡಿಸಿದರೆ 1001ರಿಂದ 1050ಕ್ಕೆ ಬಂದು ನಿಲ್ಲುತ್ತದೆ, ಮಿಕ್ಕ 62 ಫ್ರೇಮಿಗೆ ತುಂತುರೇ ಇಲ್ಲ. ನ್ಯೂಕ್‌ನ ರೀಡ್ ನೋಡು, ಅಂದರೆ ಕ್ಲಿಪ್ಪನ್ನು ಓದಿ ಒಳಗೆ ತರುವ ನೋಡು, ಇದಕ್ಕೆ ನಾಲ್ಕು ದಾರಿ ತೋರಿಸುತ್ತದೆ. ಹೋಲ್ಡ್ ಎಂದರೆ ಕೊನೆಯ ಚಿತ್ರವನ್ನೇ ಹಿಡಿದು ನಿಲ್ಲಿಸುವುದು; ಹನಿಗಳು ಗಾಳಿಯಲ್ಲಿ ಫೋಟೊ ತೆಗೆಸಿಕೊಳ್ಳಲು ನಿಂತವರ ಹಾಗೆ ನಿಲ್ಲುತ್ತವೆ. ಲೂಪ್ ಎಂದರೆ ಮತ್ತೆ ಮೊದಲಿನಿಂದ. ಕೊನೆಯ ಫ್ರೇಮೂ ಮೊದಲ ಫ್ರೇಮೂ ಕೂಡುವಂತೆ ಮಾಡಿಟ್ಟಿದ್ದರೆ ಸರಿ, ಇಲ್ಲದಿದ್ದರೆ ಎರಡು ಸೆಕೆಂಡಿಗೊಮ್ಮೆ ತುಂತುರು ಬಿಕ್ಕಳಿಸುತ್ತದೆ. ಬೌನ್ಸ್ ಎಂದರೆ ಹೋದ ದಾರಿಯಲ್ಲೇ ಹಿಂದಿರುಗುವುದು. ತೂಗುಯ್ಯಾಲೆಗೆ ಅದು ಒಪ್ಪೀತು, ನೀರಿಗೆ ಒಪ್ಪದು, ಕಾವೇರಿ ತಲಕಾವೇರಿಯ ಕಡೆಗೆ ಹತ್ತಿದಂತಾಗುತ್ತದೆ. ಬ್ಲ್ಯಾಕ್ ಎಂದರೆ ಏನೂ ಇಲ್ಲ. ಈ ನಾಲ್ಕರಲ್ಲಿ ಯಾವುದು ಸರಿ ಎಂಬುದನ್ನು ಸಂಖ್ಯೆ ಹೇಳುವುದಿಲ್ಲ. ತುಂತುರು ಹೇಗೆ ಏಳುತ್ತದೆ ಎಂದು ನೋಡಿ ಬಲ್ಲವರು ಹೇಳಬೇಕು. ಎಲ್ಲಿ ಕೂರಿಸಬೇಕು ಎಂಬುದರಂತೆ ಎಷ್ಟು ದೂರ ಹಬ್ಬಿಸಬೇಕು ಎಂಬುದನ್ನೂ ತೀರ್ಮಾನಿಸುವುದು ಚಿತ್ರದೊಳಗಿನ ಸಂಗತಿಯೇ.

ಇನ್ನೊಂದು ಪ್ರಶ್ನೆ ಈ ಸರಿಸುವ ನೋಡನ್ನು ನೋಡುಗಳ ಮರದಲ್ಲಿ ಎಲ್ಲಿ ಇಡಬೇಕು ಎಂಬುದು. ಇದಕ್ಕೆ ನಾಲೆಯೇ ಒಳ್ಳೆಯ ಪಾಠ. ನೋಡ್‌ಗಳ ಜಾಲವನ್ನು ಮೇಲಿನಿಂದ ಕೆಳಕ್ಕೆ ನೋಡಿದರೆ ವಿಶ್ವೇಶ್ವರಯ್ಯ ನಾಲೆಯ ನಕ್ಷೆ ನೋಡಿದಂತೆಯೇ ಇರುತ್ತದೆ. ಮೇಲೆ ಜಲಾಶಯ, ಆಮೇಲೆ ಮುಖ್ಯ ನಾಲೆ, ಶಾಖಾ ನಾಲೆ, ಉಪನಾಲೆ, ತೂಬು, ಗದ್ದೆ. ಕನ್ನಂಬಾಡಿಯಲ್ಲಿ ಗೇಟು ಎತ್ತಿದ ದಿನವೇ ಮದ್ದೂರು, ಮಳವಳ್ಳಿಯ ಕೊನೆ ಭಾಗದ ತೂಬಿನಲ್ಲಿ ನೀರು ಕಾಣುವುದಿಲ್ಲ. ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ನೀರು, ಇಷ್ಟು ದಿನ ಇಲ್ಲ ಎಂದು ಗೊತ್ತು ಮಾಡಿದಾಗ, ಆ ದಿನಗಳನ್ನು ಎಲ್ಲರಿಗೂ ಗೇಟು ಎತ್ತಿದ ದಿನದಿಂದಲೇ ಎಣಿಸಿದರೆ ಮೇಲಿನವನಿಗೆ ಪೂರ್ತಿ, ಕೊನೆಯವನಿಗೆ ಚೂರು. ಆದ್ದರಿಂದ ಕೊನೆ ಭಾಗದ ರೈತ ಒಟ್ಲು ಹಾಕುವ ದಿನವನ್ನು ಗೊತ್ತು ಮಾಡುವುದು ತನ್ನ ತೂಬಿಗೆ ನೀರು ಬರುವ ದಿನ ನೋಡಿ. ಸರಿಸುವ ಲೆಕ್ಕ ಜಲಾಶಯದಲ್ಲಿಲ್ಲ, ಆಯಾ ಕವಲಿನಲ್ಲಿದೆ. ಹಾಗಂತ ಕವಲಿನ ಯಾವ ಜಾಗದಲ್ಲಾದರೂ ಆದೀತು ಎಂದಲ್ಲ. ಬೆಳ್ಳಕ್ಕಿಯ ರೆಕ್ಕೆಗಳನ್ನು ಫ್ರೇಮು ಫ್ರೇಮಿಗೂ ಬಿಡಿಸಿ ಕತ್ತರಿಸುವ ಕೆಲಸಕ್ಕೆ ರೋಟೊ ಎನ್ನುತ್ತಾರೆ. ಆ ರೋಟೊ ನೀರಿನ ಕ್ಲಿಪ್ಪಿಗೆ ಸೇರಿದ್ದು. ಅದನ್ನು 86,912ರ ಎಣಿಕೆಯಲ್ಲೇ, ಆಫ್‌ಸೆಟ್ ನೋಡಿನ ಮೇಲ್ಗಡೆ ಬಿಡಿಸಿಟ್ಟರೆ, ನಾಳೆ ನಿರ್ದೇಶಕರು ಹಕ್ಕಿ ಐದು ಫ್ರೇಮು ತಡವಾಗಿ ಹಾರಲಿ ಎಂದಾಗ ಮೈನಸ್ 85,867 ಇದ್ದದ್ದನ್ನು ಮೈನಸ್ 85,862 ಮಾಡಿದರೆ ಸಾಕು, ಹಕ್ಕಿಯ ಜೊತೆ ಕತ್ತರಿಯೂ ಬರುತ್ತದೆ. ಆಫ್‌ಸೆಟ್ ಆದ ಮೇಲೆ ಕೆಳಗಡೆ ಬಿಡಿಸಿದರೆ ಹಕ್ಕಿ ಮುಂದೆ ಹೋಗಿ ಕತ್ತರಿ ಹಿಂದೆ ಉಳಿಯುತ್ತದೆ, ಎರಡು ದಿನದ ಕೆಲಸ ನೀರುಪಾಲು. ಕ್ಲಿಪ್ಪಿನ ಸ್ವಂತ ಕೆಲಸ ಕ್ಲಿಪ್ಪಿನ ಎಣಿಕೆಯಲ್ಲಿ, ಶಾಟಿನ ಕೆಲಸ ಶಾಟಿನ ಎಣಿಕೆಯಲ್ಲಿ. ನಡುವಿನ ತೂಬು ಆಫ್‌ಸೆಟ್. ಫ್ರೇಮ್ ರೇಂಜ್ ಎಂಬ ಇನ್ನೊಂದು ನೋಡು ಇದೆ, ಹೆಸರು ನೋಡಿ ಮೋಸ ಹೋಗುವವರು ಬಹಳ. ಅದು ಈ ಕ್ಲಿಪ್ಪು ಇಲ್ಲಿಂದ ಇಲ್ಲಿಯವರೆಗೆ ಎಂದು ಫಲಕ ನೆಡುತ್ತದೆ ಅಷ್ಟೆ, ಒಂದು ಫ್ರೇಮನ್ನೂ ಅಲುಗಿಸುವುದಿಲ್ಲ. ಏರಿಯ ಮೇಲೆ ಫಲಕ ನೆಟ್ಟರೆ ನಾಲೆಗೆ ನೀರು ಬರುವುದಿಲ್ಲವಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ತೂಕವುಳ್ಳದ್ದು. ಇಷ್ಟೆಲ್ಲ ಕಳೆಯುವ ಕೂಡುವ ರಗಳೆ ಏಕೆ, ಫೈಲುಗಳು ಒಳಗೆ ಬಂದ ಕೂಡಲೇ ಎಲ್ಲಕ್ಕೂ 1001ರಿಂದ ಹೊಸ ಹೆಸರಿಟ್ಟರೆ ಮುಗಿಯಿತಲ್ಲ, ದೊಡ್ಡ ಸ್ಟುಡಿಯೋಗಳು ಮಾಡುವುದೂ ಅದನ್ನೇ ಅಲ್ಲವೇ ಎಂದು. ನಿಜ, ಮಾಡುತ್ತಾರೆ. ಆದರೆ ಎಚ್ಚರವುಳ್ಳವರು ಹೊಸ ಹೆಸರಿಡುವಾಗ ಹಳೆಯ ಟೈಮ್‌ಕೋಡನ್ನು ಫೈಲಿನೊಳಗೇ ಉಳಿಸುತ್ತಾರೆ, ಯಾವ ಫ್ರೇಮು ಯಾವುದಾಯಿತು ಎಂಬ ಲೆಕ್ಕವನ್ನು ಪಟ್ಟಿಯಲ್ಲಿ ಬರೆದಿಡುತ್ತಾರೆ. ಅಂದರೆ ಅವರು ಆಫ್‌ಸೆಟ್ಟನ್ನು ಕೈಬಿಟ್ಟಿಲ್ಲ, ಬೇರೆ ಜಾಗದಲ್ಲಿ ಬರೆದಿಟ್ಟಿದ್ದಾರೆ. ಬರೆದಿಡದೆ ಹೆಸರು ಮಾತ್ರ ಬದಲಾಯಿಸಿದವರ ಪಾಡು ನೋಡಿ. ಸಂಕಲನಕಾರರು ಮುಂಭಾಗದಲ್ಲಿ ಇನ್ನೂ ಎಂಟು ಫ್ರೇಮು ಬೇಕು ಎಂದರು, ನೀರಿನ ಕ್ಲಿಪ್ಪು ಮತ್ತೆ ಬಂತು, ಈ ಸಲ 86,632ರಿಂದ. ಅದಕ್ಕೂ 1001ರಿಂದಲೇ ಹೆಸರಿಟ್ಟರೆ, 1273ರಲ್ಲಿದ್ದ ಹಕ್ಕಿ 1281ಕ್ಕೆ ಜಾರಿತು. ಹೆಸರು ಒಂದೇ, ಒಳಗಿನ ಚಿತ್ರ ಬೇರೆ. ಇದಕ್ಕಿಂತ ಕೆಟ್ಟ ಗೊಂದಲ ಇಲ್ಲ, ಏಕೆಂದರೆ ತಂತ್ರಾಂಶ ತಪ್ಪೆಂದು ಕೂಗುವುದೇ ಇಲ್ಲ. ಮೂಲದ ಎಣಿಕೆಯನ್ನು ಉಳಿಸಿಕೊಂಡವರಿಗೆ 86,912 ಅಂದೂ 86,912, ಇಂದೂ 86,912. ಜಮೀನು ಮಗನ ಹೆಸರಿಗೆ ಖಾತೆಯಾದರೂ ಸರ್ವೆ ನಂಬರು ಹಾಗೇ ಇರುತ್ತದೆ. ಅದನ್ನೂ ಬದಲಾಯಿಸಿ ಹಳೆಯ ಪತ್ರ ಹರಿದು ಹಾಕಿದರೆ ಒತ್ತಿನವನ ಜೊತೆ ಜಗಳ ಬಂದ ದಿನ ತೋರಿಸಲು ಏನೂ ಉಳಿಯುವುದಿಲ್ಲ.

ಎರಡನೆಯ ಆಕ್ಷೇಪ ನೋಡ್ ಪದ್ಧತಿಯ ಮೇಲೇ. ಟೈಮ್‌ಲೈನ್ ಇರುವ ತಂತ್ರಾಂಶದಲ್ಲಿ ಕ್ಲಿಪ್ಪು ಪಟ್ಟಿಯಂತೆ ಕಣ್ಣಿಗೆ ಕಾಣುತ್ತದೆ, ಬೆರಳಿನಿಂದ ಹಿಡಿದೆಳೆದರೆ ಜಾಗಕ್ಕೆ ಬರುತ್ತದೆ. ನೋಡ್ ಮರದಲ್ಲಿ ಏನು ಏನಕ್ಕೆ ಕೂಡಿದೆ ಎಂಬುದು ಕಾಣುತ್ತದೆಯೇ ಹೊರತು ಯಾವಾಗ ಎಂಬುದು ಕಾಣುವುದಿಲ್ಲ ಎನ್ನುತ್ತಾರೆ. ಇದನ್ನು ಒಪ್ಪಲೇಬೇಕು. ಎರಡೇ ಕ್ಲಿಪ್ಪಿನ ಸಣ್ಣ ಕೆಲಸಕ್ಕೆ ಟೈಮ್‌ಲೈನೇ ಸಲೀಸು. ಆದರೆ ಗಗನಚುಕ್ಕಿಯ ನೀರು ಹಿಂದೆಯೂ ಬೇಕು, ನಾಯಕಿಯ ಕಪ್ಪು ಕನ್ನಡಕದ ಗಾಜಿನಲ್ಲಿ ಬೇರೊಂದು ಕ್ಷಣದ ನೀರಾಗಿಯೂ ಬೇಕು ಎಂದಾಗ, ನೋಡ್ ಮರದಲ್ಲಿ ಒಂದೇ ರೀಡ್‌ನಿಂದ ಎರಡು ಕವಲು ತೆಗೆದು ಎರಡಕ್ಕೂ ಬೇರೆ ಬೇರೆ ಆಫ್‌ಸೆಟ್ ಕೊಡಬಹುದು. ನಾಳೆ ಕವಲಿಗಿಂತ ಮೇಲೆ ನೀರಿನ ಬಣ್ಣ ತಿದ್ದಿದರೆ ಎರಡೂ ಕಡೆ ಬದಲಾಗುತ್ತದೆ. ಅಲ್ಲದೆ ಬೆರಳಿನಿಂದ ಎಳೆದದ್ದಕ್ಕೆ ಕಾರಣ ಬರೆದಿರುವುದಿಲ್ಲ. ನೋಡಿನಲ್ಲಿ ಬರೆದ ಸಂಖ್ಯೆ ನಾಲ್ಕು ತಿಂಗಳಾದ ಮೇಲೆ ಬೇರೊಬ್ಬರು ತೆರೆದು ನೋಡಿದರೂ ಅಲ್ಲೇ ಇರುತ್ತದೆ. ಕಾಣುವುದಿಲ್ಲ ಎಂಬ ದೂರಿಗೆ ಪರಿಹಾರ ಕಾಣುವಂತೆ ಬರೆದಿಡುವುದು, ನೋಡ್ ಪದ್ಧತಿಯನ್ನೇ ಬಿಡುವುದಲ್ಲ.

ಮೂರನೆಯ ಆಕ್ಷೇಪ ಹಳಬರ ಪರವಾಗಿ. ಹಿಂದಿನವರು ನಂಬರನ್ನು ನಂಬಿಯೇ ದ್ವಿಪಾತ್ರ ತೆಗೆಯಲಿಲ್ಲವೇ? 1977ರ 'ಬಭ್ರುವಾಹನ'ದಲ್ಲಿ ಹುಣಸೂರು ಕೃಷ್ಣಮೂರ್ತಿ ಅವರು ರಾಜ್‌ಕುಮಾರ್ ಅವರನ್ನೇ ಅರ್ಜುನನಾಗಿಯೂ ಬಭ್ರುವಾಹನನಾಗಿಯೂ ಎದುರುಬದುರು ನಿಲ್ಲಿಸಿದರು, ತಂದೆ ಮಗ ಮಾತಿಗೆ ಮಾತು ಕೊಡುವುದನ್ನು ನಾಡೇ ನೋಡಿತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇಂಥ ದೃಶ್ಯಕ್ಕೆ ಇದ್ದ ಹೆದ್ದಾರಿ ಎಂದರೆ ಲೆನ್ಸಿನ ಅರ್ಧಕ್ಕೆ ಮರೆ ಕಟ್ಟಿ ಒಂದು ಪಾತ್ರ ತೆಗೆಯುವುದು, ಫಿಲ್ಮನ್ನು ಕ್ಯಾಮೆರಾದೊಳಗೇ ಹಿಂದಕ್ಕೆ ಸುತ್ತುವುದು, ಮರೆಯನ್ನು ಆಚೆ ಬದಿಗೆ ಬದಲಾಯಿಸಿ ಅದೇ ಫಿಲ್ಮಿನ ಮೇಲೆ ಇನ್ನೊಂದು ಪಾತ್ರ ತೆಗೆಯುವುದು. 35 ಮಿಲಿಮೀಟರ್ ಫಿಲ್ಮಿನಲ್ಲಿ ಅಡಿಗೆ 16 ಫ್ರೇಮು, ನಮ್ಮ ನಾಲ್ಕು ಸೆಕೆಂಡಿನ ಶಾಟು ಎಂದರೆ ಆರಡಿ. ಹಿಂದಕ್ಕೆ ಸುತ್ತುವಾಗ ಎಣಿಕೆ ಒಂದು ಫ್ರೇಮು ತಪ್ಪಿದರೂ ಇಬ್ಬರ ಮಾತೂ ಅಷ್ಟು ತಪ್ಪುತ್ತದೆ. ಹೌದು, ಅವರು ಕ್ಯಾಮೆರಾದಲ್ಲಿ ಫಿಲ್ಮು ಎಣಿಸುವ ಮೀಟರನ್ನು ನಂಬಿದರು. ಆದರೆ ಅಲ್ಲಿ ಇದ್ದದ್ದು ಒಂದೇ ಫಿಲ್ಮು, ಒಂದೇ ಮೀಟರು, ಒಂದೇ ಸೊನ್ನೆ. ಎರಡು ಎಣಿಕೆಗಳೇ ಇಲ್ಲದಿರುವಾಗ ಹೊಂದಿಸುವ ಮಾತೆಲ್ಲಿ? ಧ್ವನಿ ಬೇರೆ ಟೇಪಿನಲ್ಲಿ, ಚಿತ್ರ ಬೇರೆ ಫಿಲ್ಮಿನಲ್ಲಿ ಎಂದು ಎರಡು ಎಣಿಕೆ ಬಂದಲ್ಲೆಲ್ಲ ಅವರೂ ನಂಬರಿನ ಮೊರೆ ಹೋಗಲಿಲ್ಲ, ಕ್ಲಾಪ್ ಹೊಡೆದರು. ಹಲಗೆ ಹಲಗೆಗೆ ತಾಗಿದ ಚಿತ್ರ ಒಂದು ಕಡೆ, 'ಟಪ್' ಎಂಬ ಸದ್ದು ಇನ್ನೊಂದು ಕಡೆ. ಎರಡನ್ನೂ ಕೂಡಿಸಿದರೆ ಮಿಕ್ಕದ್ದೆಲ್ಲ ತಾನಾಗಿ ಕೂಡಿತು. ಸಂಗತಿಯನ್ನೇ ಗುರುತಾಗಿ ಇಟ್ಟುಕೊಳ್ಳುವುದಕ್ಕೆ ಸಿನಿಮಾದವರು ಕಂಡುಕೊಂಡ ಅತ್ಯಂತ ಅಗ್ಗದ ಯಂತ್ರ ಆ ಹಲಗೆ.

ಆದರೆ ಸಂಗತಿ ಒಂದು ಸಾಲದು, ಎರಡು ಬೇಕು. ಬೆಳ್ಳಕ್ಕಿ ಹಾರಿದ್ದು ಕೂಡಿತೆಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ, ಏಕೆಂದರೆ ಎರಡು ಕ್ಲಿಪ್ಪುಗಳ ನಡಿಗೆಯೇ ಬೇರೆಯಾಗಿರಬಹುದು. ನೀರನ್ನು ಯಾರೋ ಸೆಕೆಂಡಿಗೆ 30 ಫ್ರೇಮಿನಲ್ಲಿ ತೆಗೆದಿದ್ದರೆ, ಹತ್ತು ಸೆಕೆಂಡಿನ 300 ಫ್ರೇಮು 24ರ ಲೆಕ್ಕದಲ್ಲಿ ಹನ್ನೆರಡೂವರೆ ಸೆಕೆಂಡು ಓಡುತ್ತದೆ, ಜಲಪಾತ ಸೋಮಾರಿಯಾಗಿ ಬೀಳುತ್ತದೆ. ಆಗ ಯಾವ ಆಫ್‌ಸೆಟ್ಟೂ ಕೆಲಸಕ್ಕೆ ಬಾರದು. ಒಂದು ಕಡೆ ಹೊಂದಿಸಿದರೆ ಮುಂದೆ ತಪ್ಪುತ್ತದೆ, ಮುಂದೆ ಹೊಂದಿಸಿದರೆ ಹಿಂದೆ ತಪ್ಪುತ್ತದೆ. ಪಂಚಾಂಗ ಕಟ್ಟಿದವರು ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲವರು. ಘಳಿಗೆಯನ್ನು ಸೂರ್ಯೋದಯದಿಂದ ಎಣಿಸುತ್ತಾರೆ, ಗಡಿಯಾರವನ್ನು ನಡುರಾತ್ರಿಯಿಂದ. ಸೂರ್ಯೋದಯ 6 ಗಂಟೆ 12 ನಿಮಿಷಕ್ಕಾದರೆ ಹತ್ತು ಘಳಿಗೆ ಎಂದರೆ 10 ಗಂಟೆ 12 ನಿಮಿಷ. ಇದು ಬರೀ ಆಫ್‌ಸೆಟ್, ಒಂದು ಕೂಡುವ ಲೆಕ್ಕದಲ್ಲಿ ಮುಗಿಯಿತು. ಚಂದ್ರನ ವರ್ಷಕ್ಕೆ ಸುಮಾರು 354 ದಿನ, ಸೂರ್ಯನ ವರ್ಷಕ್ಕೆ 365. ಇಲ್ಲಿ ನಡಿಗೆಯೇ ಬೇರೆ. ಎಷ್ಟು ಕೂಡಿಸಿದರೂ ಮರುವರ್ಷ ಹನ್ನೊಂದು ದಿನ ಜಾರುತ್ತದೆ. ಅದಕ್ಕೇ ಸುಮಾರು ಎರಡೂವರೆ ವರ್ಷ ದಾಟಿ ಎರಡು ಮೂರು ತಿಂಗಳಿಗೆ ಒಂದು ಅಧಿಕ ಮಾಸವನ್ನು ನಡುವೆ ಸೇರಿಸಿದರು; 2023ರಲ್ಲಿ ಎರಡು ಶ್ರಾವಣ ಬಂದದ್ದು ಹೀಗೆ. ಕಾಂಪೊಸಿಟಿಂಗ್‌ನಲ್ಲಿ ರೀಟೈಮ್ ನೋಡು ಮಾಡುವುದೂ ಇದನ್ನೇ, ಅಲ್ಲಲ್ಲಿ ಫ್ರೇಮು ಸೇರಿಸುತ್ತದೆ ಅಥವಾ ತೆಗೆಯುತ್ತದೆ. ಹಾಗಾಗಿ ಪರೀಕ್ಷೆ ಸುಲಭ: ಶಾಟಿನ ಮೊದಲಿಗೊಂದು, ಕೊನೆಗೊಂದು, ಎರಡು ಸಂಗತಿ ಹಿಡಿಯಿರಿ. ಎರಡೂ ಒಂದೇ ಆಫ್‌ಸೆಟ್ಟಿಗೆ ಕೂಡಿದರೆ ಎಣಿಕೆಯ ಶುರು ಮಾತ್ರ ಬೇರೆ ಇತ್ತು. ಕೂಡದಿದ್ದರೆ ನಡಿಗೆ ಬೇರೆ, ಮೊದಲು ಅದನ್ನು ಸರಿಮಾಡಿ.

ಕೊನೆಗೆ ಉಳಿಯುವುದು ಒಂದು ಫ್ರೇಮಿನ ತಕರಾರು. 1001ರಿಂದ 1112 ಎಂದರೆ 111 ಎಂದು ಕಳೆದು ಹೇಳುವವರಿದ್ದಾರೆ. ಇರುವುದು 112, ಮೊದಲನೆಯದೂ ಲೆಕ್ಕಕ್ಕೆ ಸೇರುತ್ತದೆ. ತಿಥಿಯ ದಿನ ಗೊತ್ತು ಮಾಡುವಾಗ ತೀರಿಕೊಂಡ ದಿನವನ್ನೂ ಸೇರಿಸಿ ಎಣಿಸಬೇಕೇ ಎಂದು ಸಾವಿನ ಮನೆಯಲ್ಲೂ ಏಳುವ ಚರ್ಚೆ ಇದೇ, ಅಲ್ಲಿ ಹಿರಿಯರೊಬ್ಬರು ಬೆರಳು ಮಡಚಿ ಎಣಿಸಿ ತೀರಿಸುತ್ತಾರೆ. ಇಲ್ಲಿ ತೀರಿಸಬೇಕಾದವರು ನೋಡನ್ನು ಬರೆದವರೇ. ಕಣದಲ್ಲಿ ಲಾಭ ಎಂದವನಿಗೆ ಅದೇ ಒಂದು ಎಂಬುದು ಗೊತ್ತಿತ್ತು, ಎದುರಿಗೆ ಕೂತವನಿಗೂ ಗೊತ್ತಿತ್ತು, ಆದ್ದರಿಂದ ರಾಶಿ ಸರಿಯಾಗಿ ಅಳೆದಾಯಿತು. ನೋಡ್ ಮರದಲ್ಲಿ ಮೈನಸ್ 85,867 ಎಂದು ಬರೆದು ಬಿಟ್ಟರೆ ಅದು ಬರೆದವರಿಗೂ ಮರುವಾರ ಅರ್ಥವಾಗುವುದಿಲ್ಲ. ಆದ್ದರಿಂದ ಈ ಕೆಲಸ ಮಾಡುವವರಲ್ಲಿ ಕೋರಿಕೆ ಒಂದೇ. ಫೈಲಿನ ಹೆಸರಿಗೆ ಕೈ ಹಾಕಬೇಡಿ, ಕವಲಿನಲ್ಲಿ ಆಫ್‌ಸೆಟ್ ಇಡಿ, ಆ ನೋಡಿನ ಪಕ್ಕದಲ್ಲಿ ಅಚ್ಚ ಕನ್ನಡದಲ್ಲಿ ಒಂದು ಸಾಲು ಬರೆದಿಡಿ: 'ನೀರಿನ ಕ್ಲಿಪ್ಪಿನ 86,912ರಲ್ಲಿ ಬೆಳ್ಳಕ್ಕಿ ಹಾರುತ್ತದೆ, ನಾಯಕಿ 1045ರಲ್ಲಿ ತಲೆ ಎತ್ತುತ್ತಾಳೆ.'